ಹತ್ತರಲ್ಲಿ ಹತ್ತು ಸಲ

ಇದನ್ನು ಹೇಗೂ ಫೋನ್‌ನಲ್ಲೇ ಓದ್ತಿದ್ದೀರಿ ತಾನೆ? ಹಾಗಿದ್ರೆ ಮೊದಲು ಒಂದು ಸಣ್ಣ ಕೆಲಸ ಮಾಡಿ. 1981ರ ‘ಗೀತಾ’ ಚಿತ್ರದ ‘ಜೊತೆಯಲಿ ಜೊತೆಜೊತೆಯಲಿ’ ಹಾಡನ್ನು ಫೋನ್ ಸ್ಪೀಕರ್‌ನಲ್ಲೇ ಒಂದು ನಿಮಿಷ ಕೇಳಿ. ಆಮೇಲೆ ಒಳ್ಳೆ ಇಯರ್‌ಫೋನ್ ಹಾಕ್ಕೊಂಡು ಅದೇ ಒಂದು ನಿಮಿಷವನ್ನ ಮತ್ತೆ ಕೇಳಿ. ಎಸ್‌ಪಿಬಿ ಮತ್ತು ಜಾನಕಿಯಮ್ಮನ ದನಿ ಎರಡು ಸಲವೂ ಇರುತ್ತೆ. ಆದರೆ ಎರಡನೇ ಸಲ, ಹಾಡಿನ ಕೆಳಗಡೆ ಇನ್ಯಾರೋ ಒಬ್ಬರು ಜೊತೆಗೆ ನಡೀತಾ ಇದ್ದಾರೆ ಅನ್ನಿಸುತ್ತೆ.

ಆ ಇನ್ಯಾರೋ ಬೇಸ್ ಗಿಟಾರ್. ಅದಕ್ಕೆ ಸಾಮಾನ್ಯವಾಗಿ ನಾಲ್ಕೇ ತಂತಿ. ಎಲ್ಲಕ್ಕಿಂತ ದಪ್ಪ ತಂತಿಯನ್ನ ಸುಮ್ಮನೆ ಮೀಟಿದರೆ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತೆ, ಉಳಿದವು 55, 73, 98. ಬೆರಳಿನ ಉಗುರಿನಷ್ಟಿರೋ ಫೋನ್ ಸ್ಪೀಕರ್‌ಗೆ ಇಷ್ಟು ನಿಧಾನವಾಗಿ ಇಷ್ಟೊಂದು ಗಾಳಿ ತಳ್ಳೋ ಶಕ್ತಿ ಇಲ್ಲ. ಅದಕ್ಕೇ ಅಲ್ಲಿ ಬೇಸ್ ಬಹುಪಾಲು ಮಾಯ. ಊರಲ್ಲಿ ಗಣಪತಿ ಪೆಂಡಾಲ್ ಹಾಕಿದಾಗ ನೋಡಿ, ಅಲ್ಲಿ ಇದರ ಉಲ್ಟಾ. ಎರಡು ಬೀದಿ ಆಚೆ ಮಲಗಿರೋರಿಗೆ ಹಾಡು ಯಾವುದು ಅಂತ ಗೊತ್ತಾಗಲ್ಲ, ದುಂ ದುಂ ಮಾತ್ರ ಬರ್ತಾ ಇರುತ್ತೆ. 41ರ ಆ ಸ್ವರದ ಒಂದು ಅಲೆಯ ಉದ್ದ ಎಂಟು ಮೀಟರ್‌ಗೂ ಹೆಚ್ಚು. ಅದಕ್ಕೆ ಮನೆ, ಗೋಡೆ, ಹುಣಸೇಮರ ಯಾವುದೂ ಲೆಕ್ಕಕ್ಕಿಲ್ಲ, ಸುತ್ತಿಕೊಂಡು ಬರುತ್ತೆ.

ನಾನು ಸಾಫ್ಟ್‌ವೇರ್ ಎಂಜಿನಿಯರ್. ಊರು ಹಗರೆ. ಹಾಸನದಿಂದ ಬೇಲೂರಿಗೆ ಹೋಗೋ ದಾರಿಯಲ್ಲಿ ಹಳೇಬೀಡಿಗೆ ತಿರುಗೋ ಜಾಗ ಅಂದ್ರೆ ಹೆಚ್ಚಿನವರಿಗೆ ಗೊತ್ತಾಗುತ್ತೆ, ಪ್ರವಾಸಿ ಬಸ್ಸುಗಳು ಟೀಗೆ ನಿಲ್ಲೋ ಊರು. ವಾರದಲ್ಲಿ ಮೂರು ದಿನ ಬೆಂಗಳೂರಿನ ಆಫೀಸು, ಉಳಿದ ದಿನ ಇಲ್ಲಿಂದಲೇ ಲಾಗಿನ್. ಬೇಸ್ ಗಿಟಾರ್ ಕೈಗೆ ಬಂದು ಐದು ವರ್ಷ ಆಯ್ತು. ಬೆಂಗಳೂರಲ್ಲಿ ರಘು ದೀಕ್ಷಿತ್ ಪ್ರಾಜೆಕ್ಟ್ ಜೊತೆ ಗೌರವ್ ವಾಜ್ ನುಡಿಸೋದನ್ನ, ಸ್ವರಾತ್ಮದಲ್ಲಿ ಜಿಷ್ಣು ದಾಸ್‌ಗುಪ್ತ ನುಡಿಸೋದನ್ನ ಬಾಯಿ ಬಿಟ್ಕೊಂಡು ನೋಡಿದ ಮೇಲೆ ಸಂಬಳದ ಒಂದು ಭಾಗ ಇದಕ್ಕೆ ಹೋಯ್ತು. ಹೋದ ವರ್ಷದ ಆಷಾಢದವರೆಗೂ ಅದು ನನ್ನ ಕೋಣೆಯೊಳಗಿನ ಹವ್ಯಾಸ, ಅಷ್ಟೆ.

ಆಷಾಢದಲ್ಲಿ ಆರ್ಕೆಸ್ಟ್ರಾದವರಿಗೆ ಕೆಲಸ ಇರಲ್ಲ. ಮದುವೆ ಇಲ್ಲ, ಆರತಕ್ಷತೆ ಇಲ್ಲ. ಆಗ ಒಂದು ದಿನ ಅಣ್ಣ ಮನೆಗೆ ಬಂದರು. ಸ್ವಂತ ಅಣ್ಣ ಅಲ್ಲ. ಹಾಸನದ ಕಡೆ ಆರ್ಕೆಸ್ಟ್ರಾಗಳಲ್ಲಿ ಇಪ್ಪತ್ತು ವರ್ಷಕ್ಕೂ ಮೇಲಿನಿಂದ ಬೇಸ್ ನುಡಿಸ್ತಿರೋರು. ನನಗೆ ತಂತಿ ಹಾಕೋದರಿಂದ ಹಿಡಿದು ಎಲ್ಲಾ ಹೇಳಿಕೊಟ್ಟವರು. ‘ಹೆಸರು ಗಿಸರು ಹಾಕಬೇಡ ಕಣಪ್ಪ’ ಅಂದಿದ್ದಾರೆ, ಆದ್ದರಿಂದ ಅಣ್ಣ ಅಂತಲೇ ಇರಲಿ. ಎಡಗೈನ ಉಂಗುರದ ಬೆರಳು ತೋರಿಸಿದರು. ಮಡಚಿದರೆ ತಾನಾಗೇ ಬಿಚ್ಚಿಕೊಳ್ಳಲ್ಲ. ಇನ್ನೊಂದು ಕೈಯಿಂದ ಬಿಡಿಸಬೇಕು, ಬಿಡಿಸಿದಾಗ ಟಕ್ ಅನ್ನುತ್ತೆ.

‘ಡಾಕ್ಟ್ರು ಎರಡು ತಿಂಗ್ಳು ಮುಟ್ಟಲೇಬೇಡ ಅಂದವ್ರೆ. ಗಣಪತಿ ಟೈಮಲ್ಲಿ ಎರಡು ಡೇಟ್ ಒಪ್ಕೊಂಡಿದೀನಿ. ನೀನು ಬರ್ತೀಯಾ?’

‘ಬರ್ತೀನಣ್ಣ.’

‘ಬರೋದು ಆಮೇಲಿರಲಿ. ಒಂದೊಂದು ಲೈನೂ ಹತ್ತಕ್ಕೆ ಹತ್ತು ಸಲ ಕೂರಬೇಕು. ಒಂಬತ್ತು ಸಲ ಕೂತ್ರೆ ನಾನೇ ಟ್ರ್ಯಾಕ್ ಹಾಕಿಸ್ತೀನಿ.’

ಈ ಟ್ರ್ಯಾಕ್ ವಿಷಯ ಸ್ವಲ್ಪ ಹೇಳಬೇಕು. ಮೊದಲೆಲ್ಲ ಆರ್ಕೆಸ್ಟ್ರಾ ಅಂದ್ರೆ ಸ್ಟೇಜ್ ತುಂಬ ಜನ ಇರ್ತಿದ್ರು. ಕೀಬೋರ್ಡ್, ಗಿಟಾರ್, ಬೇಸ್, ತಬಲಾ, ಡೋಲಕ್, ಡ್ರಮ್ಸ್, ಕೊಳಲು. ರಿದಂ ಪ್ಯಾಡ್ ಬಂದ ಮೇಲೆ ಡ್ರಮ್ಸ್ ಹೋಯ್ತು. ಬೇಸ್ ಭಾಗವನ್ನ ಕೀಬೋರ್ಡ್‌ನವರ ಎಡಗೈಗೆ ಕೊಟ್ಟರು. ಈಗ ಅದೂ ಬೇಡ, ಲ್ಯಾಪ್‌ಟಾಪ್‌ನಲ್ಲಿ ರೆಡಿ ಟ್ರ್ಯಾಕ್ ಒತ್ತಿ ಗಾಯಕರು ಹಾಡಿಬಿಟ್ರೆ ಕೆಲಸ ಮುಗೀತು, ಒಬ್ಬರ ಸಂಬಳ ಉಳೀತು. ಅಣ್ಣನ ತಂಡದಲ್ಲಿ ಇನ್ನೂ ಬೇಸ್‌ಗೆ ಒಂದು ಜಾಗ ಉಳಿದಿದೆ ಅಂದ್ರೆ ಅದಕ್ಕೆ ಕಾರಣ ಅಣ್ಣನೇ. ಅವರಿಗೆ ಗೊತ್ತಿತ್ತು, ಎರಡು ಡೇಟ್‌ಗೆ ಟ್ರ್ಯಾಕ್ ಹಾಕಿ ಯಾರಿಗೂ ವ್ಯತ್ಯಾಸ ಗೊತ್ತಾಗದೇ ಹೋದರೆ ಬೆರಳು ಸರಿಹೋದ ಮೇಲೂ ಆ ಜಾಗ ವಾಪಸ್ ಸಿಗಲ್ಲ. ಹಾಗಂತ ಅವರು ಬಾಯಿಬಿಟ್ಟು ಹೇಳಲಿಲ್ಲ. ಇಪ್ಪತ್ನಾಲ್ಕು ಹಾಡಿನ ಪಟ್ಟಿ ವಾಟ್ಸ್ಯಾಪ್ ಮಾಡಿ ಹೋದರು.

ಇಪ್ಪತ್ನಾಲ್ಕರಲ್ಲಿ ಹದಿನೈದು ಹಾಡಿಗೆ ದೊಡ್ಡ ಕಷ್ಟ ಇರಲಿಲ್ಲ. ಹಾಡಿನ ಆಧಾರ ಸ್ವರ ಹಿಡಕೊಂಡು ತಾಳಕ್ಕೆ ಸರಿಯಾಗಿ ಮೀಟಿದರೆ ಸಾಕು. ಉಳಿದ ಒಂಬತ್ತು ಹಾಗಲ್ಲ. ಅವುಗಳಲ್ಲಿ ಬೇಸ್‌ಗೆ ಅದರದೇ ಒಂದು ರಾಗ ಇದೆ. ಹೆಚ್ಚಿನವು ಇಳಯರಾಜ ಅವರವು, ಇನ್ಯಾರವು ಇರ್ತವೆ! ಪ್ರತಿ ವಾದ್ಯಕ್ಕೂ ತಾವೇ ಸ್ವರ ಬರೆದುಕೊಡುವ ಪದ್ಧತಿ ಅವರದು. ಬೇಸ್‌ನವರು ಏನೋ ಒಂದು ತುಂಬಿಸಿಬಿಡೋಕೆ ಆಗಲ್ಲ, ಅದೂ ಹಾಡಿನ ಒಂದು ಪಾತ್ರ. ಅವರ ತಂಡದಲ್ಲಿ ಬಹುಕಾಲ ಬೇಸ್ ನುಡಿಸಿದ ಶಶಿಧರನ್ ಹೆಸರು ಹಾಡು ಕೇಳೋ ಎಷ್ಟು ಜನಕ್ಕೆ ಗೊತ್ತು ಹೇಳಿ. ನಮ್ಮ ಕಡೆ ಮಾತ್ರ ಅಲ್ಲ, ಅಮೆರಿಕದಲ್ಲೂ ಅಷ್ಟೆ. ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ಎಷ್ಟೋ ಹಿಟ್ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಹೆಸರು ವರ್ಷಗಟ್ಟಲೆ ರೆಕಾರ್ಡಿನ ಕವರ್ ಮೇಲೆ ಬರಲೇ ಇಲ್ಲ, 1971ರಲ್ಲಿ ಮಾರ್ವಿನ್ ಗೇ ಆಲ್ಬಮ್ಮಿನಲ್ಲಿ ಬಂತು. ಆತ ಬಲಗೈನ ಒಂದೇ ಬೆರಳಲ್ಲಿ ಮೀಟುತ್ತಿದ್ದ. ನಾವು ಎರಡು ಬೆರಳಲ್ಲಿ ಪರದಾಡೋದು.

ಈಗ ಹತ್ತಕ್ಕೆ ಹತ್ತು ಯಾಕೆ ಅನ್ನೋ ಲೆಕ್ಕಕ್ಕೆ ಬರೋಣ. ನನ್ನ ಥರ ಕೋಡ್ ಬರೆಯೋರಿಗೆ ಇದು ಬೇಗ ಅರ್ಥ ಆಗುತ್ತೆ. ಒಂದು ಟೆಸ್ಟ್ ಹತ್ತು ಸಲ ಓಡಿಸಿದರೆ ಎಂಟು ಸಲ ಪಾಸ್ ಆಗಿ ಎರಡು ಸಲ ಫೇಲ್ ಆದರೆ ಅದಕ್ಕೆ ಫ್ಲೇಕಿ ಟೆಸ್ಟ್ ಅಂತೀವಿ. ಪೂರ್ತಿ ಫೇಲ್ ಆಗೋ ಟೆಸ್ಟ್‌ಗಿಂತ ಇದು ಕೆಟ್ಟದು. ಪೂರ್ತಿ ಫೇಲ್ ಆದ್ರೆ ರಿಪೇರಿಗೆ ಕೂರ್ತೀವಿ, ಇದನ್ನ ‘ಇನ್ನೊಂದ್ಸಲ ಓಡಿಸು, ಆಗುತ್ತೆ’ ಅಂತ ತಳ್ಳಿಬಿಡ್ತೀವಿ. ಸಂಗೀತದಲ್ಲಿ ಒಂದು ಲೈನ್ ‘ಬರುತ್ತೆ’ ಅನ್ನೋ ಮಾತಿನ ಅರ್ಥ ಹೆಚ್ಚಿನ ಸಲ ಇಷ್ಟೇ: ಯಾವಾಗಲೋ ಒಂದೆರಡು ಸಲ ಬಂದಿದೆ.

ಒಂದು ಹಾಡಿನಲ್ಲಿ 64 ಬಾರ್ ಇದೆ ಅಂದ್ಕೊಳ್ಳಿ. (ನಾಲ್ಕು ಎಣಿಕೆಯ ಒಂದು ಸುತ್ತಿಗೆ ಬಾರ್ ಅಂತಾರೆ. ಹಗರೆ ಬಸ್‌ಸ್ಟ್ಯಾಂಡ್ ಎದುರಿಗಿನ ಥರದ್ದಲ್ಲ.) ಪ್ರತಿ ಬಾರನ್ನೂ ನೂರಕ್ಕೆ ತೊಂಬತ್ತೆಂಟು ಸಲ ಸರಿಯಾಗಿ ನುಡಿಸಬಲ್ಲಿರಿ. ಕೇಳೋಕೆ ಡಿಸ್ಟಿಂಕ್ಷನ್! ಆದರೆ 64 ಬಾರೂ ಸಾಲಾಗಿ ಸರಿ ಬರಬೇಕಾದರೆ 0.98 ಅನ್ನು 64 ಸಲ ಗುಣಿಸಬೇಕು. ಉತ್ತರ ಸುಮಾರು 0.27. ಅಂದ್ರೆ ನಾಲ್ಕು ಸಲ ನುಡಿಸಿದರೆ ಒಂದು ಸಲ ಮಾತ್ರ ಹಾಡು ಎಡವದೆ ಮುಗಿಯುತ್ತೆ. ಬಾರಿಗೆ ನೂರಕ್ಕೆ ತೊಂಬತ್ತು ಆದರೆ ಸಾವಿರಕ್ಕೆ ಒಂದು ಸಲ. ಸಾವಿರಕ್ಕೆ 999 ಆದಾಗ ಮಾತ್ರ ಹಾಡಿನ ಲೆಕ್ಕ 94ರ ಹತ್ತಿರ ಬರುತ್ತೆ. ಅಣ್ಣ ಬಿಎ ಮೊದಲ ವರ್ಷಕ್ಕೆ ಕಾಲೇಜು ಬಿಟ್ಟವರು. ಈ ಗುಣಾಕಾರ ಮಾಡಿದವರಲ್ಲ. ಆದರೂ ಹತ್ತಕ್ಕೆ ಹತ್ತು ಅಂದರು ನೋಡಿ.

ಗಿಟಾರಿನಲ್ಲಿ ಒಂದು ಸ್ವರ ತಪ್ಪಿದರೆ ಹಾಡು ಮುಚ್ಚಿಕೊಂಡು ಹೋಗುತ್ತೆ. ಬೇಸ್‌ನಲ್ಲಿ ಹಾಗಾಗಲ್ಲ. ಕೆಳಗಿನ ಸ್ವರ ಬದಲಾದರೆ ಮೇಲಿನವರೆಲ್ಲ ಸರಿಯಾಗಿ ಹಾಡಿದರೂ ಅಪಸ್ವರದ ಥರ ಕೇಳುತ್ತೆ. ಹಳೇಬೀಡಿಗೆ ಹೋದಾಗ ಹೊಯ್ಸಳೇಶ್ವರ ದೇವಸ್ಥಾನದ ಗೋಡೆಯ ತೀರಾ ಕೆಳಗಿನ ಸಾಲು ನೋಡಿ, ಆನೆಗಳು. ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಪುರಾಣ, ದೇವರು. ಗೈಡುಗಳು ಎಲ್ಲರನ್ನೂ ದೇವರ ಮೂರ್ತಿ ಹತ್ತಿರ ನಿಲ್ಲಿಸ್ತಾರೆ. ನನಗೆ ಚಿಕ್ಕವನಿದ್ದಾಗಿಂದ ಆನೆ ಸಾಲೇ ಇಷ್ಟ, ಸುತ್ತ ನಡೀತಾ ಹೋದ್ರೆ ಅವೂ ಜೊತೆಗೆ ನಡೀತಾ ಬರ್ತವೆ.

ಸರಿ, ಅಭ್ಯಾಸ ಹೇಗೆ ಮಾಡಿದ್ದು ಅಂತ ಹೇಳ್ತೀನಿ. ಇದರಲ್ಲಿ ಅರ್ಧ ಅಣ್ಣನ ಪಾಠ, ಅರ್ಧ ಓದಿ ತಿಳಿದದ್ದು.

ಮೊದಲನೇ ವಾರ ಬೇಸ್ ಮುಟ್ಟಲೇ ಬೇಡ ಅಂದರು ಅಣ್ಣ. ಲೈನನ್ನ ಬಾಯಲ್ಲಿ ಹಾಡಬೇಕು. ಬಸ್ಸಲ್ಲಿ, ಸ್ನಾನದಲ್ಲಿ, ಮೀಟಿಂಗ್‌ನಲ್ಲಿ ಮ್ಯೂಟ್ ಮಾಡಿ. ಬಾಯಿಗೆ ಬರದೇ ಇರೋದು ಕೈಗೆ ಬರಲ್ಲ ಅನ್ನೋದು ಅವರ ನಂಬಿಕೆ, ನನಗೂ ಅದು ನಿಜ ಅನ್ನಿಸಿದೆ. ಎಲ್ಲಿ ಹಾಡೋಕೆ ತಡವರಿಸುತ್ತೋ ಅದೇ ಜಾಗದಲ್ಲಿ ಬೆರಳೂ ತಡವರಿಸುತ್ತೆ.

ಆಮೇಲೆ ಬೆರಳು ನಿಗದಿ. ಬೇಸ್‌ನಲ್ಲಿ ಒಂದೇ ಸ್ವರ ಎರಡು ಮೂರು ಕಡೆ ಸಿಗುತ್ತೆ. ಈ ತಂತಿಯ ಐದನೇ ಫ್ರೆಟ್ಟೂ, ಪಕ್ಕದ ತಂತಿಯನ್ನ ಒತ್ತದೆ ಮೀಟೋದೂ ಒಂದೇ ಸ್ವರ. ಮನಸ್ಸಿಗೆ ಬಂದ ಕಡೆ ಬಾರಿಸ್ತಾ ಹೋದರೆ ಕಿವಿಗೆ ಒಂದೇ ಲೈನ್, ಕೈಗೆ ಮಾತ್ರ ಪ್ರತಿ ಸಲ ಹೊಸ ಲೈನ್. ಆದ್ದರಿಂದ ಯಾವ ಸ್ವರ, ಯಾವ ತಂತಿ, ಎಡಗೈನ ಯಾವ ಬೆರಳು ಅಂತ ಪುಸ್ತಕದಲ್ಲಿ ಬರೆದುಬಿಡೋದು. ಬಲಗೈಗೂ ಬರೀಬೇಕು, ಇದನ್ನ ಹೆಚ್ಚಿನವರು ಬಿಡ್ತಾರೆ. ತೋರುಬೆರಳು, ನಡುಬೆರಳು ಒಂದಾದ ಮೇಲೊಂದು ಮೀಟ್ತಾ ಇರುವಾಗ ತಂತಿ ಬದಲಾಯಿಸೋ ಕ್ಷಣಕ್ಕೆ ಯಾವ ಬೆರಳು ಬಂದು ನಿಂತಿರುತ್ತೆ? ಮೂರು ಹಾಡಿನಲ್ಲಿ ನನಗೆ ಸಿಕ್ಕಾಗ್ತಿದ್ದ ಜಾಗ ಎಡಗೈ ಅಲ್ಲವೇ ಅಲ್ಲ, ಬಲಗೈನ ಈ ಸರದಿ. ಒಂದು ಕಡೆ ತೋರುಬೆರಳನ್ನೇ ಎರಡು ಸಲ ಬಳಸಿ ಅಂತ ಬರೆದಿಟ್ಟೆ, ಗಂಟು ಬಿಚ್ಚಿಕೊಂಡಿತು.

ಮೂರನೆಯದು ತುಂಡು ಮಾಡೋದು. ಎರಡು ಬಾರ್ ತಗೊಳ್ಳಿ, ಆದರೆ ಮೂರನೇ ಬಾರಿನ ಮೊದಲ ಸ್ವರದ ಮೇಲೆ ಹೋಗಿ ನಿಲ್ಲಿ. ಯಾಕಂದ್ರೆ ಲೈನು ಮುರಿಯೋದು ತುಂಡಿನೊಳಗೆ ಕಡಿಮೆ, ಹೊಲಿಗೆ ಹಾಕಿದ ಕಡೆ ಜಾಸ್ತಿ. ಹಾಡಿನ ವೇಗ 96 ಇದ್ದರೆ ಮೆಟ್ರೊನೋಮನ್ನ 58ಕ್ಕೆ ಇಟ್ಟು ಶುರು. ಇಲ್ಲಿ ಬರೋದೇ ಹತ್ತರ ಲೆಕ್ಕ. ನಮ್ಮನೆಯಲ್ಲಿ ಮುಸುಕಿನ ಜೋಳಕ್ಕೆ ಬರ ಇಲ್ಲ. ಎರಡು ಬಟ್ಟಲು, ಹತ್ತು ಕಾಳು. ಒಂದು ಸಲ ಶುದ್ಧವಾಗಿ ಬಂದರೆ ಒಂದು ಕಾಳು ಎಡಗಡೆ ಬಟ್ಟಲಿಂದ ಬಲಗಡೆಗೆ. ಎಲ್ಲಾದರೂ ತಂತಿ ಗಿರ್ ಅಂದರೆ, ಸ್ವರ ತಡವಾದರೆ, ಬಲಗಡೆ ಬಟ್ಟಲಲ್ಲಿರೋದೆಲ್ಲ ವಾಪಸ್. ಒಂಬತ್ತು ಕಾಳು ದಾಟಿಸಿ ಹತ್ತನೇದಕ್ಕೆ ಕೈ ಹಾಕುವಾಗ ಎದೆ ಹೊಡ್ಕೊಳ್ಳೋದು ನೋಡಬೇಕು. ಸ್ಟೇಜಿನ ಭಯದ ಸಣ್ಣ ಪ್ಯಾಕೆಟ್ ಅದು, ಮನೆಯಲ್ಲೇ ಸಿಗುತ್ತೆ. ಹತ್ತು ದಾಟಿದರೆ ವೇಗ ನಾಲ್ಕು ಏರಿಸೋದು. ಮೇಲಿಂದ ಮೇಲೆ ಮುರಿದರೆ ಎಂಟು ಇಳಿಸೋದು.

‘ಅದೇ ಅದೇ ಎಷ್ಟು ಸಲ ಹೊಡೀತೀಯಪ್ಪ, ಮುಂದಕ್ಕೆ ಬರಲ್ವಾ?’ ಅಂತ ಅಮ್ಮ ಅಡುಗೆಮನೆಯಿಂದ ಕೇಳಿದರು. ಅಕ್ಕ ಹಾಸನದಲ್ಲಿ ವೀಣೆ ಕಲಿಯೋಕೆ ಹೋಗ್ತಿದ್ದಾಗ ವರ್ಷಗಟ್ಟಲೆ ಸರಳೆ ವರಸೆ, ಜಂಟಿ ವರಸೆ ಕೇಳಿದ ಮನೆ ಇದು. ಆಗ ಯಾರೂ ಮುಂದಕ್ಕೆ ಬರಲ್ವಾ ಅನ್ನಲಿಲ್ಲ! ನಿಜ ಹೇಳಬೇಕಂದ್ರೆ ನಮ್ಮ ಕರ್ನಾಟಕ ಸಂಗೀತದ ಪಾಠದಲ್ಲೇ ಇದೆಲ್ಲ ಇದೆ. ಅದೇ ವರಸೆಯನ್ನ ಮೂರು ಕಾಲದಲ್ಲಿ ಹಾಡಿಸ್ತಾರೆ, ಕೈಯಲ್ಲಿ ತಾಳ ಮಾತ್ರ ಬದಲಾಗಲ್ಲ, ಒಂದು ಎಣಿಕೆಗೆ ಒಂದು ಸ್ವರ, ಆಮೇಲೆ ಎರಡು, ಆಮೇಲೆ ನಾಲ್ಕು. ನಿಧಾನ ಕಾಲವೇ ಕಷ್ಟ ಅಂತ ಅಕ್ಕ ಹೇಳ್ತಿದ್ದಳು. ಬೇಸ್‌ನಲ್ಲೂ ಹಾಗೇ. 58ರಲ್ಲಿ ಎರಡು ಸ್ವರಗಳ ನಡುವೆ ಅಷ್ಟು ದೊಡ್ಡ ಬಯಲು ಇರುತ್ತೆ, ಕಾಯೋಕೆ ಧೈರ್ಯ ಬೇಕು.

ಮೆಟ್ರೊನೋಮ್ ಬಗ್ಗೆ ಒಂದು ಮಾತು. ಪ್ರತಿ ಎಣಿಕೆಗೂ ಟಿಕ್ ಟಿಕ್ ಅಂತಿದ್ದರೆ ಅದು ಊರುಗೋಲು. ಲೈನು ಕೈಗೆ ಹತ್ತಿದ ಮೇಲೆ ಬಾರಿಗೆ ಒಂದೇ ಟಿಕ್ ಬರೋ ಹಾಗೆ ಇಡಬೇಕು, ಆಮೇಲೆ ಎರಡು ಬಾರಿಗೆ ಒಂದು. ನಡುವಿನ ಸಮಯವನ್ನ ನೀವೇ ಹಿಡಿದಿಟ್ಟಿದ್ದೀರಾ ಅನ್ನೋದು ಮುಂದಿನ ಟಿಕ್ ಬಂದಾಗ ಗೊತ್ತಾಗುತ್ತೆ. ಫೋನಲ್ಲೇ ರೆಕಾರ್ಡ್ ಮಾಡಿ ಲ್ಯಾಪ್‌ಟಾಪಿನಲ್ಲಿ ಅಲೆಯ ಚಿತ್ರ ದೊಡ್ಡದು ಮಾಡಿ ನೋಡಿದರೆ ಇನ್ನೂ ಸ್ಪಷ್ಟ. ಮನುಷ್ಯರಿಗೆ ಟಿಕ್ ಜೊತೆ ಬೆರಳು ತಟ್ಟೋಕೆ ಹೇಳಿದರೆ ಸಾಮಾನ್ಯವಾಗಿ ಟಿಕ್‌ಗಿಂತ ಒಂದು ಕೂದಲೆಳೆ ಮುಂಚೆಯೇ ತಟ್ಟುತ್ತಾರೆ, ಇದನ್ನ ಮನಶ್ಶಾಸ್ತ್ರದವರು ಬಹಳ ಹಿಂದಿನಿಂದ ಅಳೆದು ನೋಡಿದ್ದಾರೆ. ನನ್ನ ಚಿತ್ರದಲ್ಲೂ ಅದೇ ಕಂಡಿತು. ಸ್ವಲ್ಪ ಮುಂಚೆ ಬೀಳೋದು ತೊಂದರೆ ಅಲ್ಲ, ಪ್ರತಿ ಸಲ ಅಷ್ಟೇ ಮುಂಚೆ ಬೀಳಬೇಕು.

ಸ್ವರ ಶುರುವಾಗೋದಷ್ಟೇ ಅಲ್ಲ, ಮುಗಿಯೋದೂ ಲೆಕ್ಕಕ್ಕಿದೆ. ದಪ್ಪ ತಂತಿಯ ಒಂದು ಕಂಪನಕ್ಕೇ 24 ಮಿಲಿಸೆಕೆಂಡ್ ಬೇಕು, ಕಿವಿಗೆ ಸ್ವರ ಯಾವುದು ಅಂತ ಖಾತ್ರಿಯಾಗೋಕೆ ಅಂಥವು ಕೆಲವಾದರೂ ಬೇಕು. ಹಾಗಾಗಿ ಹಿಂದಿನ ಸ್ವರ ಇನ್ನೂ ಗುಂಯ್ ಅಂತಿರುವಾಗ ಮುಂದಿನದು ಬಂದರೆ ಎರಡೂ ಸೇರಿ ಕೆಸರು. ಎಡಗೈ ಬೆರಳನ್ನ ತಂತಿಯಿಂದ ಪೂರ್ತಿ ಎತ್ತದೆ ಒತ್ತಡ ಮಾತ್ರ ಸಡಿಲಿಸಿ ಸದ್ದು ನಿಲ್ಲಿಸೋದು, ಬಳಸದ ತಂತಿಗಳ ಮೇಲೆ ಬಲಗೈ ಹೆಬ್ಬೆರಳು ಒರಗಿಸಿಡೋದು, ಇದನ್ನೇ ಎರಡು ವಾರ ಮಾಡಿದೆ. ಕೇಳುವವರಿಗೆ ಈ ಕೆಲಸ ಕಾಣಲ್ಲ. ಬೇಸ್ ‘ಕ್ಲೀನಾಗಿದೆ’ ಅಂತಾರೆ, ಅಷ್ಟೆ.

ಆಮೇಲೆ ಬಂತು ನನಗೆ ತುಂಬ ಉಪಯೋಗವಾದ ಸಂಗತಿ. 1979ರಲ್ಲಿ ಶಿಯಾ ಮತ್ತು ಮಾರ್ಗನ್ ಅನ್ನೋ ಇಬ್ಬರು ಅಮೆರಿಕದ ಸಂಶೋಧಕರು ಒಂದು ಪ್ರಯೋಗ ಮಾಡಿದರು. ಕೈಯಿಂದ ಮಾಡೋ ಮೂರು ಬೇರೆ ಬೇರೆ ಚಲನೆ. ಒಂದು ಗುಂಪು ಒಂದನ್ನ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಯಿತು. ಇನ್ನೊಂದು ಗುಂಪು ಮೂರನ್ನೂ ಕಲಸಿ, ಯಾವುದು ಯಾವಾಗ ಬರುತ್ತೆ ಗೊತ್ತಿಲ್ಲದ ಹಾಗೆ ಅಭ್ಯಾಸ ಮಾಡಿತು. ಅಭ್ಯಾಸದ ಹೊತ್ತಲ್ಲಿ ಮೊದಲ ಗುಂಪೇ ಮುಂದೆ. ಆದರೆ ಬಿಡುವು ಕೊಟ್ಟು ಆಮೇಲೆ ಪರೀಕ್ಷೆ ಮಾಡಿದಾಗ ಕಲಸಿ ಕಲಿತವರೇ ಚೆನ್ನಾಗಿ ಮಾಡಿದರು. ಅಂದರೆ ಕೂತಲ್ಲೇ ನಲವತ್ತು ಸಲ ನುಡಿಸಿ ‘ಬಂತು’ ಅನ್ನೋದು ಆ ಕ್ಷಣದ ಬಿಸಿ ಮಾತ್ರ ಇರಬಹುದು. ನಾನು ಒಂಬತ್ತು ಹಾಡುಗಳ ಕಷ್ಟದ ತುಂಡುಗಳನ್ನ ಚೀಟಿಯಲ್ಲಿ ಬರೆದು, ಅಮ್ಮನ ಹಳೇ ಕಾಫಿಪುಡಿ ಡಬ್ಬಕ್ಕೆ ಹಾಕಿ, ಒಂದೊಂದಾಗಿ ಎತ್ತಿ ನುಡಿಸೋಕೆ ಶುರು ಮಾಡಿದೆ. ಮೊದಲ ಎರಡು ದಿನ ಎಲ್ಲ ಹಿಂದಕ್ಕೆ ಹೋದ ಹಾಗೆ ಕಂಡಿತು. ಮೂರನೇ ವಾರಕ್ಕೆ ಯಾವ ಚೀಟಿ ಬಂದರೂ ಕೈ ತಾನಾಗಿ ಅಲ್ಲಿಗೆ ಹೋಗ್ತಿತ್ತು.

ಇನ್ನೊಂದು ಅಳತೆ, ಬೆಳಗಿನ ಮೊದಲ ಸಲ. ಎದ್ದು ಮುಖ ತೊಳೆದು ಕಾಫಿಗೂ ಮುಂಚೆ ಬೇಸ್ ತಗಲಿಸಿಕೊಂಡು ಒಂದೇ ಒಂದು ಸಲ ಹಾಡು ನುಡಿಸೋದು. ಸರಿಯಾಯ್ತಾ ಇಲ್ಲವಾ ಅಂತ ಪುಸ್ತಕದಲ್ಲಿ ಗೀಟು. ಸ್ಟೇಜ್ ಮೇಲೆ ಯಾರೂ ಎರಡನೇ ಅವಕಾಶ ಕೊಡಲ್ಲವಲ್ಲ, ಹಾಗಾಗಿ ಈ ಗೀಟುಗಳನ್ನೇ ನಾನು ನಂಬ್ತಿದ್ದದ್ದು. ನಿದ್ದೆಯೂ ಕೆಲಸ ಮಾಡುತ್ತೆ. ಬೆರಳುಗಳಿಂದ ಒಂದು ಕ್ರಮದಲ್ಲಿ ಕೀಲಿ ಒತ್ತೋದನ್ನ ಕಲಿಸಿ, ಒಂದು ರಾತ್ರಿ ನಿದ್ದೆ ಆದ ಮೇಲೆ ನೋಡಿದರೆ ವೇಗ ನೂರಕ್ಕೆ ಇಪ್ಪತ್ತರಷ್ಟು ಹೆಚ್ಚಾಗಿತ್ತು ಅಂತ ಮ್ಯಾಥ್ಯೂ ವಾಕರ್ ಮತ್ತು ಸಂಗಡಿಗರು 2002ರಲ್ಲಿ ಬರೆದಿದ್ದಾರೆ. ರಾತ್ರಿ ಎರಡರವರೆಗೆ ತಂತಿ ಕೀಳೋ ಹುಮ್ಮಸ್ಸು ಇರೋರು ಇದನ್ನ ಗಮನಿಸಿ.

ಕೈಯ ವಿಚಾರವನ್ನೂ ಹೇಳಿಬಿಡ್ತೀನಿ, ಅಣ್ಣನ ಬೆರಳು ಕಣ್ಣೆದುರಿಗೇ ಇತ್ತಲ್ಲ. ನಮ್ಮ ಕೈ ಹಗಲಿಡೀ ಕೀಬೋರ್ಡ್ ಕುಟ್ಟಿ ಮೊದಲೇ ಸುಸ್ತಾಗಿರುತ್ತೆ. ಇಪ್ಪತ್ತೈದು ನಿಮಿಷ ನುಡಿಸಿ ಬಿಡುವು, ಮತ್ತೆ ಇಪ್ಪತ್ತೈದು, ದಿನಕ್ಕೆ ಅಷ್ಟೇ. ಮಣಿಕಟ್ಟು ತೀರಾ ಬಾಗಬಾರದು. ಫ್ರೆಟ್ಟಿನ ಹಿಂದೆಯೇ ಒತ್ತಿದರೆ ಅರ್ಧ ಬಲ ಸಾಕು. ಜೋಮು ಹಿಡಿದರೆ, ನೋವು ಬಂದರೆ ಅಲ್ಲಿಗೇ ನಿಲ್ಲಿಸಿ, ಹೋಗದಿದ್ದರೆ ಡಾಕ್ಟರ ಹತ್ತಿರ ಹೋಗಿ. ಚೆನ್ನಾಗಿ ಆಗೋಕೆ ನೋವು ತಿನ್ನಬೇಕು ಅನ್ನೋ ಮಾತು ಬೆರಳಿನ ವಿಷಯದಲ್ಲಿ ಸುಳ್ಳು.

ಮಳೆಗಾಲದ ಕಾಟ ಬೇರೆ. ನಮ್ಮ ಕಡೆ ಜುಲೈ ಆಗಸ್ಟ್‌ನಲ್ಲಿ ಗೋಡೆಯೇ ಬೆವರುತ್ತೆ. ಬೇಸ್‌ನ ಮರದ ಕತ್ತು ಸ್ವಲ್ಪ ಬಾಗಿ ತಂತಿ ಎತ್ತರ ಆಗೋದು, ತಂತಿಗೆ ತುಕ್ಕು ಹತ್ತೋದು. ಕತ್ತಿನೊಳಗೆ ಒಂದು ಕಬ್ಬಿಣದ ಸರಳು ಇರುತ್ತೆ, ಅದನ್ನ ಕೀಲಿ ಹಾಕಿ ಕಾಲು ಸುತ್ತು ತಿರುಗಿಸಿದರೆ ಮತ್ತೆ ನೇರ. ಜೋರು ಮಳೆ ಬಂದರೆ ಶೀಟಿನ ಸದ್ದಲ್ಲಿ ಮೆಟ್ರೊನೋಮ್ ಕೇಳಲ್ಲ, ಕರೆಂಟೂ ಹೋಗಿರುತ್ತೆ. ಆಗ ಬೇಸ್‌ನ ಮರದ ತುದಿಯನ್ನ ಬೀರುವಿಗೆ ಒತ್ತಿ ನುಡಿಸಿದರೆ ಬೀರುವೇ ಆಂಪ್ಲಿಫೈಯರ್. ಇದನ್ನೂ ಅಣ್ಣ ಹೇಳಿಕೊಟ್ಟಿದ್ದು.

ಗೌರಿ ಹಬ್ಬಕ್ಕೆ ಎಂಟು ದಿನ ಇರುವಾಗ ಅಣ್ಣ ಮತ್ತೆ ಬಂದರು. ಕಾಳು ಎಣಿಸಲಿಲ್ಲ, ಡಬ್ಬದಿಂದ ಚೀಟಿ ತಾವೇ ಎತ್ತಿದರು. ಮೂರು ಚೀಟಿ ಆದ ಮೇಲೆ ಟಿವಿ ಹಾಕಿದರು, ಜೋರಾಗಿ, ವಾರ್ತೆ. ‘ಈಗ ನುಡಿಸು.’ ನಡುವೆ ಅಮ್ಮನ ಹತ್ತಿರ ಮಾತಾಡೋದು, ನನ್ನ ಹತ್ತಿರ ‘ನಿಂದು ಬೈಕ್ ಎಷ್ಟು ಕೊಡುತ್ತೆ?’ ಅಂತ ಮೈಲೇಜ್ ಕೇಳೋದು. ‘ನಲವತ್ತೈದು’ ಅಂತ ಉತ್ತರ ಕೊಡ್ತಾ ಲೈನ್ ಮುಂದುವರಿದಾಗ ಟಿವಿ ಆರಿಸಿದರು. ‘ಸರಿ, ಸ್ಟೇಜ್‌ಗೆ ಕರಿ ಬಟ್ಟೆ ಹಾಕ್ಕೊಂಡು ಬಾ’ ಅಂದರು.

ಮೊದಲ ಡೇಟು ಅರಸೀಕೆರೆ ಕಡೆಯ ಒಂದು ಊರಲ್ಲಿ. ತುಂತುರು ಮಳೆ, ಶಾಮಿಯಾನದ ಮೂಲೆಯಲ್ಲಿ ನೀರು ತೊಟ್ಟಿಕ್ಕೋದು, ಮುಂದೆ ಮಕ್ಕಳ ಸೈನ್ಯ. ಮೊದಲ ಮೂರು ಹಾಡು ಹೇಗೆ ಹೋಯಿತು ಅಂತ ನನಗೆ ನೆನಪೇ ಇಲ್ಲ. ಕೈ ಅದರ ಪಾಡಿಗೆ ಅದು ಹೋಗ್ತಿತ್ತು. ನಾನು ಎದುರಿಗೆ ಒಬ್ಬ ಅಜ್ಜ ತಲೆ ಆಡಿಸ್ತಿದ್ದದ್ದನ್ನೇ ನೋಡ್ತಿದ್ದೆ.

ಎಂಟನೇ ಹಾಡು ‘ಸಂತೋಷಕ್ಕೆ’. ಅದು ಶುರುವಾದರೆ ನಮ್ಮ ಕಡೆ ಯಾರೂ ಕೂರಲ್ಲ. ಗಾಯಕರು ಕೆಳಗಿಳಿದು ಹುಡುಗರ ಜೊತೆ ಕುಣಿಯೋಕೆ ನಿಂತರು. ಎರಡನೇ ಚರಣಕ್ಕೆ ವಾಪಸ್ ಬರಬೇಕಾದ ಜಾಗ ದಾಟಿ ಹೋಯಿತು. ಒಂದು ಬಾರು, ಎರಡು ಬಾರು. ಪ್ಯಾಡ್‌ನವರು ನನ್ನ ಕಡೆ ನೋಡಿದರು. ನಾನು ಅದೇ ಎರಡು ಬಾರಿನ ಲೈನನ್ನ ಸುತ್ತು ಹಾಕ್ತಾ ಇದ್ದೆ, ಕೀಬೋರ್ಡ್‌ನವರು ನಕ್ಕು ಮೇಲೇನೋ ಸಣ್ಣದಾಗಿ ನುಡಿಸ್ತಾ ಹೋದರು. ಜನ ಅದನ್ನೂ ಹಾಡಿನ ಭಾಗ ಅಂದ್ಕೊಂಡು ಚಪ್ಪಾಳೆ ಹಾಕೋಕೆ ಶುರು ಮಾಡಿದರು. ಎಷ್ಟು ಸುತ್ತಾಯಿತೋ, ಗಾಯಕರು ಮೆಟ್ಟಿಲು ಹತ್ತಿ ಬಂದು ಮೈಕ್ ಹಿಡಿದು ಕಣ್ಣಲ್ಲಿ ಸನ್ನೆ ಮಾಡಿದರು, ಮೂವರೂ ಒಟ್ಟಿಗೆ ಚರಣಕ್ಕೆ ಇಳಿದೆವು. ಟ್ರ್ಯಾಕ್ ಆಗಿದ್ದರೆ ಅದು ಯಾರಿಗೂ ಕಾಯದೆ ಹಾಡು ಮುಗಿಸಿಬಿಡ್ತಿತ್ತು. ಆ ಎರಡು ಬಾರನ್ನ ಯೋಚನೆ ಮಾಡದೆ ನುಡಿಸೋಕೆ ಬರ್ತಿದ್ದರಿಂದಲೇ ಗಾಯಕರನ್ನ, ಪ್ಯಾಡನ್ನ, ಜನರನ್ನ ನೋಡೋಕೆ ನನಗೆ ಪುರುಸೊತ್ತು ಸಿಕ್ಕಿದ್ದು.

ಅಣ್ಣ ಸೌಂಡ್‌ನವರ ಮಿಕ್ಸರ್ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಮುಗಿದ ಮೇಲೆ, ರಾತ್ರಿ ಒಂದು ಗಂಟೆಗೆ, ಚಿತ್ರಾನ್ನ ತಿಂತಾ ಹೇಳಿದ್ದು ಇಷ್ಟು: ‘ಹದಿನಾರನೇದ್ರಲ್ಲಿ ಸ್ವರ ಉದ್ದ ಬಿಡ್ತಿದೀಯ. ನಾಳೆ ನೋಡ್ಕೋ.’ ಆಮೇಲೆ ತಂಡದ ಯಜಮಾನರ ಕಡೆ ತಿರುಗಿ, ‘ಏನಣ್ಣ, ನವೆಂಬರ್ ಡೇಟಿಗೂ ಬೇಸ್ ಬರ್ಕೊಳ್ಳಿ’ ಅಂದರು. ಯಜಮಾನರು ಹೂಂ ಅಂದರು. ನನ್ನ ಕವರನ್ನ ಅಣ್ಣನ ಕೈಗೆ ಕೊಟ್ಟೆ. ಎಣಿಸಿ ಅರ್ಧ ತೆಗೆದು ಜೇಬಿಗೆ ಹಾಕ್ಕೊಂಡು ಉಳಿದರ್ಧ ನನ್ನ ಅಂಗಿ ಜೇಬಿಗೆ ತುರುಕಿದರು.

ದೀಪಾವಳಿ ಹೊತ್ತಿಗೆ ಅವರ ಬೆರಳು ಸರಿಹೋಯಿತು, ರಾಜ್ಯೋತ್ಸವದ ಡೇಟುಗಳಿಗೆಲ್ಲ ಅವರೇ ಹೋದರು. ನಾನು ಒಂದಕ್ಕೆ ಕೇಬಲ್ ಸುತ್ತೋಕೆ ಹೋಗಿದ್ದೆ. ಈಗ ಇನ್ನೊಂದು ಪಟ್ಟಿ ಕಳಿಸಿದ್ದಾರೆ, ಯಾವುದಕ್ಕೆ ಅಂತ ಕೇಳಿದರೆ ‘ಇರಲಿ, ಕಲಿ’ ಅಂತಾರೆ. ಅದರಲ್ಲಿ ಮೊದಲನೆಯದು 1983ರ ‘ಪಲ್ಲವಿ ಅನುಪಲ್ಲವಿ’ ಚಿತ್ರದ ‘ನಗುವ ನಯನ’. 72ರವರೆಗೆ ತಲುಪಿದೆ. ನಿನ್ನೆ ರಾತ್ರಿ ಬಲಗಡೆ ಬಟ್ಟಲಲ್ಲಿ ಆರು ಕಾಳಿತ್ತು.